ಬೀಸುಕಲ್ಲಿನಿಂದ ಬಿದೇಸಿಯಾವರೆಗೆ

ಭೋಜಪುರಿ ಅಂದ್ರೆ ನಮ್ಮ ಟೀಮಿನವರಿಗೆ ಡಬಲ್ ಮೀನಿಂಗ್ ಹಾಡು, ಅಷ್ಟೇ. ಆದರೆ ಆ ಸಾಹಿತ್ಯದ ಬೇರು ಬೀಸುಕಲ್ಲಿನ ಹತ್ತಿರ ಇದೆ. ದುಡಿಯೋಕೆ ಪೂರ್ವಕ್ಕೆ ಹೋದ ಗಂಡನ್ನ ನೆನೆದು ಹೆಂಡತಿ ಹಿಟ್ಟು ಬೀಸುತ್ತಾ ಹಾಡುವ ಪದಗಳಿಗೆ ಜಂತಸಾರ್ ಅಂತಾರೆ. ನಮ್ಮಜ್ಜಿಯ ಬೀಸುವ ಪದಗಳ ತಂಗಿ ಅನ್ನಿ.

ಆ ಸಂಕಟವನ್ನ ರಂಗಕ್ಕೆ ತಂದವರು ಭಿಖಾರಿ ಠಾಕೂರ್. 1887ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಕ್ಷೌರಿಕ ಮನೆತನದಲ್ಲಿ ಹುಟ್ಟಿದವರು; ತಾವೂ ಖರಗ್‌ಪುರಕ್ಕೆ ದುಡಿಯೋಕೆ ಹೋಗಿ ಬಂದವರೇ. ಅವರ 'ಬಿದೇಸಿಯಾ' ನಾಟಕದಲ್ಲಿ ಗಂಡ ಕಲ್ಕತ್ತೆಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ. ಊರಲ್ಲಿ ಉಳಿದವಳು ದಾರಿಹೋಕನ ಕೈಲಿ ಸುದ್ದಿ ಕಳಿಸ್ತಾಳೆ. ವಲಸೆಯ ಇತಿಹಾಸದಲ್ಲಿ ಹೋದವರ ಲೆಕ್ಕವಾದ್ರೂ ಸಿಗುತ್ತೆ, ಇವಳದ್ದು ಎಲ್ಲಿದೆ? ಕೊನೆಗೆ ಗಂಡ ಮನೆಗೆ ಬರ್ತಾನೆ. ಹಿಂದೆಯೇ ಮಕ್ಕಳನ್ನ ಕಟ್ಟಿಕೊಂಡು ಕಲ್ಕತ್ತೆಯವಳೂ ಬರ್ತಾಳೆ. ಠಾಕೂರ್ ಅವಳನ್ನೂ ಬಾಗಿಲಾಚೆ ನಿಲ್ಲಿಸಲಿಲ್ಲ.