ತೊಟ್ಟಿಯಲ್ಲಿ ಕ್ರೇಫಿಶ್ ಸಾಕಣೆ: ಗಮನಿಸಬೇಕಾದ ಅಂಶಗಳು

ಏಡಿಯಂತೆ ಇಕ್ಕಳದ ಮುಂಗಾಲುಗಳುಳ್ಳ, ಮೈಕಟ್ಟಿನಲ್ಲಿ ಸಿಗಡಿಯನ್ನು ಹೋಲುವ ಸಿಹಿನೀರಿನ ಕ್ರೇಫಿಶ್ ನಮ್ಮ ದೇಶದ ಮೂಲ ಪ್ರಾಣಿಯಲ್ಲ. ಅಲಂಕಾರಕ್ಕಾಗಿ ಸಾಕುವವುಗಳಲ್ಲಿ ಉತ್ತರ ಆಸ್ಟ್ರೇಲಿಯ ಮೂಲದ ‘ರೆಡ್ ಕ್ಲಾ’ ಪ್ರಭೇದವು ಉಷ್ಣವಲಯದ್ದೇ ಆಗಿದ್ದು, 24ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವುದರಿಂದ ಬೇಸಿಗೆಯಲ್ಲಿ ಏರ್ ಪಂಪ್ ನಿಲ್ಲಬಾರದು. ಪಂಪಿನ ಕೊಳವೆ ಹಿಡಿದೇ ಇವು ಹತ್ತಿ ಹೊರಬರುತ್ತವೆ. ಆದ್ದರಿಂದ ಭದ್ರವಾದ ಮುಚ್ಚಳ ಅವಶ್ಯಕ. ಪೊರೆ ಕಳಚಿದ ಪ್ರಾಣಿಯ ಮೈ ಮೆತ್ತಗಿದ್ದು, ಜೊತೆಯವುಗಳೇ ಅದನ್ನು ತಿನ್ನುವ ಸಂಭವವಿದೆ. ಅಡಗಲು ಪಿ.ವಿ.ಸಿ. ಪೈಪಿನ ತುಂಡುಗಳನ್ನು ಇರಿಸಿ. ಕಳಚಿದ ಪೊರೆಯನ್ನು ತೆಗೆಯಬೇಡಿ; ಅದನ್ನು ತಿಂದು ಸುಣ್ಣದ ಅಂಶವನ್ನು ಮರಳಿ ಪಡೆಯುತ್ತವೆ. ತಾಮ್ರವಿರುವ ಮೀನಿನ ಔಷಧಿಗಳು ಇವುಗಳಿಗೆ ವಿಷ.

ರೈತರಿಗೆ ಇದಕ್ಕಿಂತ ಮುಖ್ಯವಾದುದು ಕೆರೆಯ ವಿಷಯ. ಮಾರ್ಬಲ್ ಕ್ರೇಫಿಶ್‌ನಲ್ಲಿ ಗಂಡೇ ಇಲ್ಲ. ಒಂದೇ ಹೆಣ್ಣು ನೀರು ಸೇರಿದರೂ ಸಂತತಿ ಬೆಳೆಯುತ್ತದೆ. ಮಡಗಾಸ್ಕರ್‌ನ ಭತ್ತದ ಗದ್ದೆಗಳಲ್ಲಿ ಅದು ಈಗಾಗಲೇ ಹರಡಿದೆ. ಅಮೆರಿಕ ಮೂಲದ ಕೆಂಪು ಕ್ರೇಫಿಶ್ ಗದ್ದೆಯ ಬದುಗಳಲ್ಲಿ ಬಿಲ ತೋಡಿ ನೀರು ಸೋರುವಂತೆ ಮಾಡುತ್ತದೆ. ಸಿಗಡಿಯ ಬಿಳಿಚುಕ್ಕೆ ರೋಗದ ವೈರಾಣುವೂ ಕ್ರೇಫಿಶ್‌ಗೆ ತಗಲುವುದರಿಂದ, ಕರಾವಳಿಯ ಸಿಗಡಿ ಕೃಷಿಕರು ಕೊಳದ ಸಮೀಪ ಇವನ್ನು ಸಾಕದಿರುವುದು ಲೇಸು. ಬೇಡವಾದ ಪ್ರಾಣಿಯನ್ನು ಕೆರೆ, ಕಾಲುವೆಗೆ ಬಿಡದೆ ಅಂಗಡಿಗೆ ಹಿಂದಿರುಗಿಸಿ. ತೊಟ್ಟಿಯ ನೀರನ್ನು ಚರಂಡಿಗೆ ಚೆಲ್ಲುವ ಬದಲು, ಮರಿಗಳು ಹೋಗದಂತೆ ಬಟ್ಟೆಯಲ್ಲಿ ಸೋಸಿ, ಕೆರೆಯಿಂದ ದೂರವಿರುವ ಗಿಡಗಳ ಬುಡಕ್ಕೆ ಸುರಿಯಿರಿ.