ರಣರಂಗದಿಂದ ಕಾರ್ಖಾನೆಗೆ: ಯುದ್ಧಹಿಂಸೆಯ ಹೊಣೆ

ಶ್ರವಣಬೆಳಗೊಳದ ಚಂದ್ರಗಿರಿಯನ್ನು ಏರಿದವರೆಲ್ಲರೂ ಕೂಗೆ ಬ್ರಹ್ಮದೇವರ ಕಂಬವನ್ನು ಕಂಡಿರುತ್ತಾರೆ. ಅದರ ಶಾಸನವನ್ನು ಓದಿದವರು ವಿರಳ. ಗಂಗ ದೊರೆ ಮಾರಸಿಂಹನ ಸ್ಮರಣೆಗಾಗಿ ನಿಂತ ಈ ಕಂಬವು ಆತನು ಉಚ್ಚಂಗಿಯ ಕೋಟೆಯನ್ನು ಹಿಡಿದುದನ್ನೂ, ನೊಳಂಬರನ್ನು ಅಡಗಿಸಿದುದನ್ನೂ ಹೊಗಳಿ, ಕಡೆಯಲ್ಲಿ ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನದಿಂದ ದೇಹವಿಟ್ಟನೆಂದು ತಿಳಿಸುತ್ತದೆ. ಇದು ಕ್ರಿ.ಶ. 974ರ ಸುಮಾರಿನ ಮಾತು. ಯುದ್ಧ ಮಾಡಿದವನು ಯಾರು, ಅದರ ಕರ್ಮಬಂಧ ಯಾರದು ಎಂಬುದರಲ್ಲಿ ಆ ದೊರೆಗೂ ಸಂದೇಹವಿರಲಿಲ್ಲ, ಶಾಸನ ಬರೆದವನಿಗೂ ಇರಲಿಲ್ಲ. ಹಾಸನ ಸೀಮೆಯ ವೀರಗಲ್ಲುಗಳಲ್ಲಿಯೂ ಇದೇ ಸ್ಪಷ್ಟತೆಯಿದೆ: ಹೊಡೆಯುವವನೂ ಹೊಡೆಸಿಕೊಳ್ಳುವವನೂ ಒಂದೇ ಕಲ್ಲಿನಲ್ಲಿ ಎದುರುಬದುರಾಗಿ ನಿಂತಿರುತ್ತಾರೆ.

ಆದರೂ ನಮ್ಮ ಆಚಾರ್ಯರು ಹಿಂಸೆಯನ್ನು ಕತ್ತಿ ಹಿಡಿದ ಕೈಗೆ ಮಾತ್ರ ಕಟ್ಟಿಡಲಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳನ್ನು ಹೇಳಿದೆ. ಮನಸ್ಸಿನ ನಿಶ್ಚಯ ಸಂರಂಭ. ಸಾಧನಗಳನ್ನು ಒದಗಿಸಿಕೊಳ್ಳುವುದು ಸಮಾರಂಭ. ಕಾರ್ಯಕ್ಕೆ ತೊಡಗುವುದು ಆರಂಭ. (ಇಂದು ಮದುವೆಯ ಕರೆಯೋಲೆಯಲ್ಲಿ ಕಾಣುವ ‘ಸಮಾರಂಭ’ಕ್ಕೆ ಸೂತ್ರದಲ್ಲಿರುವ ಅರ್ಥವೇ ಬೇರೆ.) ಇವನ್ನು ಮನ-ವಚನ-ಕಾಯಗಳಿಂದಲೂ, ಕೃತ-ಕಾರಿತ-ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಮಾರಸಿಂಹನ ಕಾಲದ ಯುದ್ಧದಲ್ಲಿ ಇವುಗಳ ಪೈಕಿ ಕೃತವೂ ಆರಂಭವೂ ಎದ್ದು ಕಾಣುತ್ತಿದ್ದವು. ಯಂತ್ರಯುಗವು ಬದಲಿಸಿದುದು ಈ ಪ್ರಮಾಣವನ್ನೇ.

ಬದಲಾವಣೆಯ ಒಂದು ಎಳೆ ಶ್ರೀರಂಗಪಟ್ಟಣದಿಂದಲೇ ಹೊರಡುತ್ತದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಬಳಸಿದ ರಾಕೆಟ್ಟುಗಳ ಕೊಳವೆ ಕಬ್ಬಿಣದ್ದು; ಅದಕ್ಕೆ ಬಿದಿರಿನ ಗಳು ಕಟ್ಟಿರುತ್ತಿತ್ತು. ಕೊಳವೆ ಗಟ್ಟಿಯಾದುದರಿಂದ ಮದ್ದನ್ನು ಒತ್ತಾಗಿ ತುಂಬಬಹುದಾಗಿತ್ತು; ಆದಕಾರಣ ಅದು ಕಾಗದದ ಬಾಣಗಳಿಗಿಂತ ಬಹುದೂರ ಹಾರುತ್ತಿತ್ತು. 1799ರಲ್ಲಿ ಕೋಟೆ ಬಿದ್ದ ಬಳಿಕ ಕೆಲವು ರಾಕೆಟ್ಟುಗಳು ಇಂಗ್ಲೆಂಡಿನ ವುಲ್ವಿಚ್ ಶಸ್ತ್ರಾಗಾರವನ್ನು ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ ಅವನ್ನು ಸುಧಾರಿಸಿ, ಒಂದೇ ಅಳತೆಯಲ್ಲಿ ರಾಶಿರಾಶಿಯಾಗಿ ತಯಾರಿಸುವ ಏರ್ಪಾಡು ಮಾಡಿದ. 1807ರ ಸೆಪ್ಟೆಂಬರಿನಲ್ಲಿ ಬ್ರಿಟಿಷರು ಮೂರು ರಾತ್ರಿ ಕೋಪನ್‌ಹೇಗನ್ ನಗರದ ಮೇಲೆ ಗುಂಡಿನ ಮಳೆಗರೆದಾಗ ಈ ರಾಕೆಟ್ಟುಗಳೂ ಅದರಲ್ಲಿದ್ದವು. ಸುಟ್ಟುಹೋದವು ಜನವಸತಿಯ ಮನೆಗಳು. ಕಿಡಿ ಹೊತ್ತಿಸಿದ ಸೈನಿಕನು ಸತ್ತವರ ಮುಖವನ್ನು ಕಾಣಲಿಲ್ಲ.

ಒಂದು ಶತಮಾನ ಕಳೆಯುವುದರಲ್ಲಿ ಯುದ್ಧದ ಬಹುಭಾಗ ರಣರಂಗದ ಹೊರಗೆ ನಡೆಯತೊಡಗಿತು. 1916ರಲ್ಲಿ ಫ್ರಾನ್ಸಿನ ಸೋಮ್ ನದಿಯ ಬಳಿ ಕಾಳಗಕ್ಕೆ ಮುಂಚಿನ ಒಂದೇ ವಾರದಲ್ಲಿ ಬ್ರಿಟಿಷ್ ಫಿರಂಗಿಗಳು ಸುಮಾರು 15 ಲಕ್ಷ ಗುಂಡುಗಳನ್ನು ಹಾರಿಸಿದವು. ಆಮೇಲೆ, ಜುಲೈ 1ರಂದು, ಎದುರಾಳಿಯ ಮೆಷಿನ್‌ಗನ್ನುಗಳ ಮುಂದೆ ನಡೆದ ಬ್ರಿಟಿಷ್ ಸೈನ್ಯದಲ್ಲಿ ಒಂದೇ ದಿನ 19,240 ಮಂದಿ ಮಡಿದರು. ಆ ಗುಂಡುಗಳಿಗೆ ಮದ್ದು ತುಂಬಿದವರಲ್ಲಿ ಸಾವಿರಾರು ಹೆಂಗಸರಿದ್ದರು. ಮದ್ದಿನ ವಿಷದಿಂದ ಅನೇಕರ ಚರ್ಮವು ಹಳದಿಗಟ್ಟಿತ್ತು. ಅವರು ಯಾರನ್ನೂ ಕೊಲ್ಲಲಿಲ್ಲ. ಆದರೆ ಅವರಿಲ್ಲದೆ ಆ ಯುದ್ಧ ಒಂದು ವಾರವೂ ಸಾಗುತ್ತಿರಲಿಲ್ಲ. ಸೂತ್ರದ ‘ಸಮಾರಂಭ’ವು ಇಷ್ಟು ವಿಸ್ತಾರವಾದ ರೂಪವನ್ನು ಹಿಂದೆಂದೂ ತಾಳಿರಲಿಲ್ಲ.

ಈ ವಿಷಯ ನಮಗೆ ದೂರದ್ದಲ್ಲ. ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದವರು ಸೊಲ್ಲಾಪುರದ ದಿಗಂಬರ ಜೈನ ಮನೆತನದ ಸೇಠ್ ವಾಲಚಂದ ಹೀರಾಚಂದರು. ಮೈಸೂರು ಸರ್ಕಾರ ಪಾಲುದಾರನಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲರು ಬೆಂಬಲವಾಗಿ ನಿಂತರು. 1942ರಲ್ಲಿ ಭಾರತ ಸರ್ಕಾರ ಅದರ ಆಡಳಿತವನ್ನು ವಹಿಸಿಕೊಂಡಿತು. ಮರುವರ್ಷ ಅದು ಅಮೆರಿಕದ ಸೇನೆಯ ಕೈಗೆ ಬಂದು ಯುದ್ಧವಿಮಾನಗಳ ದುರಸ್ತಿಯ ನೆಲೆಯಾಯಿತು. ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಇಂಥ ವಿಮಾನಗಳು ಜಲಾಂತರ್ಗಾಮಿಗಳ ಮೇಲೆ ಬಾಂಬುಗಳನ್ನೂ ಹಾಕುತ್ತಿದ್ದವು, ಸಮುದ್ರದಲ್ಲಿ ಮುಳುಗುತ್ತಿದ್ದವರನ್ನು ಎತ್ತಿಯೂ ತರುತ್ತಿದ್ದವು. ದುರಸ್ತಿಯ ಕೆಲಸಗಾರನಿಗೆ ಯಾವುದು ಯಾವುದಕ್ಕೆಂದು ತಿಳಿಯುವಂತಿರಲಿಲ್ಲ.

ವಾಲಚಂದರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ದೇಶರಕ್ಷಣೆಯ ವಿರೋಧೀ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ಬಿಡಲಾರನೆಂಬುದು ಪರಂಪರೆಯಿಂದ ಬಂದ ತಿಳಿವಳಿಕೆ. ಜಪಾನಿನ ಸೈನ್ಯ ಬರ್ಮಾವನ್ನು ಹಿಡಿದಿದ್ದ ದಿನಗಳವು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಡಲಿ, ಕತ್ತಿ, ಬೆಂಕಿ, ಸಂಕೋಲೆಗಳನ್ನು ಇತರರಿಗೆ ಒದಗಿಸುವುದನ್ನು ‘ಹಿಂಸಾದಾನ’ವೆಂದು ಹೆಸರಿಸಿ, ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಕತ್ತಿಯನ್ನು ಕೊಟ್ಟವನು ಪಡೆದವನನ್ನು ಬಲ್ಲ. ವಿಮಾನದ ಒಂದು ತಿರುಪನ್ನು ತಿರುಗಿಸಿದವನು ಯಾರನ್ನು ಬಲ್ಲ? ಅವನ ಅರಿವಿಗೆ ಬಾರದ ಮಾತ್ರಕ್ಕೆ ಆಸ್ರವವಿಲ್ಲವೆಂದು ಹೇಳಲು ನನಗೆ ಧೈರ್ಯ ಸಾಲದು. ಭಾವವೇ ಪ್ರಧಾನವೆಂಬ ಸಿದ್ಧಾಂತವಿರುವಾಗ ಅವನನ್ನು ಸೇನಾಪತಿಯೊಡನೆ ಒಂದೇ ತಕ್ಕಡಿಯಲ್ಲಿ ತೂಗಲೂ ಬಾರದು.

ಅದೇ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು. 2018ರಿಂದ ಅದರ ಷೇರುಗಳನ್ನು ಚನ್ನರಾಯಪಟ್ಟಣದ ವ್ಯಾಪಾರಿಯೂ ಹಳ್ಳಿಮೈಸೂರಿನ ರೈತನೂ ಕೊಳ್ಳಬಹುದಾಗಿದೆ. ಕೊಂಡವನು ‘ಅನುಮತ’ದ ಲೆಕ್ಕಕ್ಕೆ ಬರುವನೇ ಎಂಬುದನ್ನು ಮುಂದಿನ ಚಾತುರ್ಮಾಸದ ಸ್ವಾಧ್ಯಾಯದಲ್ಲಿ ಮುನಿಗಳ ಮುಂದಿಟ್ಟು ಕೇಳಬೇಕೆಂದಿದ್ದೇನೆ.