ಎಡಿಎಚ್‌ಡಿ, ಸ್ಕಿಜೋಫ್ರೇನಿಯಾ ಎರಡೂ ‘ತಲೆಗೆ ಕಾವು ಏರಿದ’ ಒಂದೇ ಕಾಯಿಲೆಯೇ?

ಒಂದು ಕಡೆ ಕೂರದ, ಪಾಠದ ಮೇಲೆ ಗಮನ ನಿಲ್ಲದ ಮಗುವಿಗೂ, ಯಾರೂ ಇಲ್ಲದಾಗ ಧ್ವನಿ ಕೇಳಿಸುತ್ತದೆ ಎನ್ನುವ ಯುವಕನಿಗೂ ‘ತಲೆಗೆ ಕಾವು ಏರಿದೆ’ ಎಂದು ಹೇಳುವವರಿದ್ದಾರೆ. ಇಬ್ಬರ ಮೆದುಳೂ ಅತಿಯಾಗಿ ಉದ್ರೇಕಗೊಂಡಿದೆ, ಆದ್ದರಿಂದ ಕಾಯಿಲೆ ಒಂದೇ ಎಂಬ ಮಾತು ನಿಜವೇ?

ಚುಟುಕಾಗಿ ಹೇಳುವುದಾದರೆ, ಅರ್ಧ ನಿಜ. ಆ ಅರ್ಧವನ್ನೇ ನಂಬಿದರೆ ಅಪಾಯ.

ಉದ್ರೇಕವನ್ನು ಅಳೆಯುವುದು ಹೇಗೆ?

ಇದಕ್ಕೂ ಮೈ ಬಿಸಿಗೂ ಸಂಬಂಧವಿಲ್ಲ. ಮೆದುಳಿನ ನರಕೋಶಗಳು ಎಷ್ಟು ಸುಲಭವಾಗಿ ಪ್ರತಿಕ್ರಿಯಿಸುತ್ತವೆ ಎಂಬುದೇ ಉದ್ರೇಕಶೀಲತೆ. ಇದನ್ನು ಅಳೆಯಲು ಟಿಎಂಎಸ್ ಎಂಬ ಯಂತ್ರವಿದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ತಂಡ 1985ರಲ್ಲಿ ಇದನ್ನು ತೋರಿಸಿಕೊಟ್ಟಿತು. ತಲೆಯ ಮೇಲೆ ಸುರುಳಿ ಹಿಡಿದು ಕಾಂತೀಯ ಮಿಡಿತ ಕೊಟ್ಟರೆ ಕೈಯ ಸ್ನಾಯು ತಾನಾಗಿ ಮಿಸುಕುತ್ತದೆ. ಜೋರಾದ ಮಿಡಿತಕ್ಕೆ 2–3 ಮಿಲಿಸೆಕೆಂಡ್ ಮೊದಲು ಒಂದು ಸಣ್ಣ ಮಿಡಿತ ಕೊಟ್ಟರೆ, ಆ ಮಿಸುಕಾಟ ಕಡಿಮೆಯಾಗಬೇಕು. ಇದು ಮೆದುಳಿನ ಬ್ರೇಕ್. ಗಾಬಾ ಎಂಬ ರಾಸಾಯನಿಕ ಈ ಕೆಲಸ ಮಾಡುತ್ತದೆ.

ಎರಡರಲ್ಲೂ ಕಂಡದ್ದೇನು?

ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಈ ಬ್ರೇಕ್ ದುರ್ಬಲವಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸ್ಕಿಜೋಫ್ರೇನಿಯಾ ಇರುವವರಲ್ಲೂ ಹಾಗೇ ಕಂಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಬಗ್ಗೆ ಸಂಶೋಧನೆ ನಡೆದಿದೆ. ಆದರೆ ಇವು ಗುಂಪಿನ ಸರಾಸರಿಗಳು. ಒಬ್ಬ ವ್ಯಕ್ತಿಗೆ ಯಾವ ತೊಂದರೆ ಇದೆ ಎಂದು ಈ ಪರೀಕ್ಷೆ ಹೇಳಲಾರದು.

ಹಾಗಾದರೆ ಕಾಯಿಲೆ ಒಂದೇ ಅಲ್ಲವೇ?

ಅಲ್ಲ. ಎರಡು ಟ್ರ್ಯಾಕ್ಟರ್‌ಗಳ ಬ್ರೇಕ್ ಹಿಡಿಯುತ್ತಿಲ್ಲ ಎಂದರೆ ಎರಡಕ್ಕೂ ಒಂದೇ ರಿಪೇರಿಯಲ್ಲ. ಒಂದರಲ್ಲಿ ಬ್ರೇಕ್ ಆಯಿಲ್ ಸೋರಿರಬಹುದು, ಇನ್ನೊಂದರಲ್ಲಿ ಲೈನರ್ ಸವೆದಿರಬಹುದು.

ಎಡಿಎಚ್‌ಡಿ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸುತ್ತವೆ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ ಶುರುವಾಗುತ್ತದೆ: ಇಲ್ಲದ ಧ್ವನಿ ಕೇಳುವುದು, ಆಧಾರವಿಲ್ಲದ ಬಲವಾದ ಸಂಶಯ, ಜನರಿಂದ ದೂರ ಸರಿಯುವುದು. ಎಡಿಎಚ್‌ಡಿ ಇದ್ದವರಲ್ಲಿ ಮುಂದೆ ಇಂಥ ತೊಂದರೆಯ ಸಾಧ್ಯತೆ ಸ್ವಲ್ಪ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳಿದರೂ, ಬಹುತೇಕ ಮಕ್ಕಳಿಗೆ ಅದು ಬರುವುದಿಲ್ಲ. ‘ಇವನಿಗೆ ಮುಂದೆ ಹುಚ್ಚು ಹಿಡಿಯುತ್ತದೆ’ ಎಂದು ಮಗುವಿನ ಎದುರೇ ಹೇಳುವುದು ತಪ್ಪು, ಕ್ರೂರ ಕೂಡ.

ಮಾತ್ರೆ ಅದಲುಬದಲು ಮಾಡಬೇಡಿ

ಇದೇ ಮುಖ್ಯ ಮಾತು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮೆದುಳಿನಲ್ಲಿ ಡೋಪಮೈನ್ ಹೆಚ್ಚಿಸುತ್ತದೆ. ಸ್ಕಿಜೋಫ್ರೇನಿಯಾದ ಹೆಚ್ಚಿನ ಔಷಧಗಳು ಡೋಪಮೈನ್ ಕೆಲಸವನ್ನು ತಡೆಯುತ್ತವೆ. ಒಂದರ ದಿಕ್ಕು ಇನ್ನೊಂದಕ್ಕೆ ವಿರುದ್ಧ! ‘ಕಾಯಿಲೆ ಒಂದೇ’ ಎಂದು ಮಗುವಿನ ಮಾತ್ರೆಯನ್ನು ಸ್ಕಿಜೋಫ್ರೇನಿಯಾ ಇರುವ ಅಣ್ಣನಿಗೆ ಕೊಟ್ಟರೆ ಅವನ ಲಕ್ಷಣಗಳು ಉಲ್ಬಣಿಸಬಹುದು. ಗುಣವಾಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು.

ಗದಗ ಜಿಲ್ಲೆಯವರು ಎಲ್ಲಿಗೆ ಹೋಗಬೇಕು?

ಮಾನಸಿಕ ಚಿಕಿತ್ಸೆ ಎಂದರೆ ಬೆಂಗಳೂರೇ ಆಗಬೇಕಿಲ್ಲ. ಇದನ್ನು 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ತರಬೇತಿ ಪಡೆದ ಸ್ಥಳೀಯ ವೈದ್ಯರು, ಆರೋಗ್ಯ ಕಾರ್ಯಕರ್ತರೇ ಅಲ್ಲಿ ರೋಗಿಗಳನ್ನು ಗುರುತಿಸಿ ನೋಡಿಕೊಂಡರು. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರು ಮೊದಲು ತಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಿ. ಗದಗ-ಬೆಟಗೇರಿಯವರಿಗೆ ಜಿಮ್ಸ್ ಆಸ್ಪತ್ರೆ ಇದೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಇದು ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತಾಡಬಹುದು.

ತೀರ್ಮಾನ: ಎರಡರಲ್ಲೂ ಮೆದುಳಿನ ಬ್ರೇಕ್ ಸಡಿಲವಾಗಿರುವುದು ಅಧ್ಯಯನಗಳಲ್ಲಿ ಕಂಡಿದೆ, ನಿಜ. ಆದರೆ ಕಾಯಿಲೆ ಬೇರೆ, ಔಷಧ ಬೇರೆ. ಯಾವುದು ಎಂದು ಹೇಳಬೇಕಾದವರು ರೋಗಿಯನ್ನು ನೋಡಿದ ವೈದ್ಯರು, ಫಾರ್ವರ್ಡ್ ಸಂದೇಶವಲ್ಲ.